ಶಾಖದ ಲೆಕ್ಕ ಬರೆದ ಫೂರಿಯೆ

ಮಾರ್ಗಶಿರದ ಚಳಿಯಲ್ಲಿ ಅಥಣಿ, ಕಾಗವಾಡಗಳ ಕಡೆಯ ಹಳ್ಳಿಗಳಲ್ಲಿ ನಸುಕಿಗೆ ಎದ್ದು ಬಾವಿಗೆ ಹೋದವರಿಗೆ ಒಂದು ಅನುಭವ ಉಂಟು. ಗಾಳಿ ಮೈಯನ್ನು ಕೊರೆಯುತ್ತಿರುತ್ತದೆ. ಕಟ್ಟೆಯ ಕಲ್ಲಿನ ಮೇಲೆ ಬರಿಗಾಲಿಡಲಾಗುವುದಿಲ್ಲ. ಆದರೆ ಆಳದಿಂದ ಸೇದಿದ ಕೊಡದ ನೀರು ಮಾತ್ರ ಬೆಚ್ಚಗಿರುತ್ತದೆ. ಅದೇ ಬಾವಿಯ ನೀರು ವೈಶಾಖದ ಮಧ್ಯಾಹ್ನದಲ್ಲಿ, ಎರೆಯ ನೆಲ ಬಿರುಕು ಬಿಟ್ಟು ಕಾದಿರುವ ಹೊತ್ತಿನಲ್ಲಿ, ಬಾಯಾರಿದವನಿಗೆ ತಂಪಾಗಿ ತೋರುತ್ತದೆ. ಈ ಸೀಮೆಯ ಒಕ್ಕಲಿಗರು ಹಿಂದೆ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಮುಚ್ಚುತ್ತಿದ್ದರು. ಮೇಲೆ ಋತುಗಳು ಬದಲಾದರೂ ನೆಲದ ಒಳಗು ಹೆಚ್ಚು ಬದಲಾಗುವುದಿಲ್ಲವೆಂಬುದು ಅವರಿಗೆ ರೂಢಿಯಿಂದ ತಿಳಿದಿತ್ತು.

ಹೀಗಾಗುತ್ತದೆ ಎಂಬುದನ್ನು ಬಲ್ಲವರು ಲೋಕದಲ್ಲಿ ಬಹಳ ಜನ ಇದ್ದರು. ಎಷ್ಟು ಆಳದಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಡಿಗ್ರಿ ಎಂದು ಕೇಳಿ ಅದಕ್ಕೆ ಲೆಕ್ಕದಿಂದ ಉತ್ತರ ಹೇಳಿದವನು ಫ್ರಾನ್ಸ್ ದೇಶದ ಒಬ್ಬ ಸಿಂಪಿಗನ ಮಗ. ಅವನ ಹೆಸರು ಜೋಸೆಫ್ ಫೂರಿಯೆ. ಅವನ ಲೆಕ್ಕ ಸರಿಯಾಗಿತ್ತು. ಆದರೆ ಅದನ್ನು ಪುಸ್ತಕವಾಗಿ ಲೋಕದ ಮುಂದೆ ಇಡಲು ಅವನು ಹದಿನೈದು ವರ್ಷ ಕಾಯಬೇಕಾಯಿತು.

ಫೂರಿಯೆ 1768ನೆಯ ಇಸವಿ ಮಾರ್ಚ್ 21ರಂದು ಓಸೆರ್ ಎಂಬ ಊರಿನಲ್ಲಿ ಜನಿಸಿದನು. ಬಡವರ ಮನೆ, ಮಕ್ಕಳು ಬಹಳ. ಹತ್ತು ವರ್ಷ ತುಂಬುವ ಆಸುಪಾಸಿನಲ್ಲಿ ತಾಯಿಯೂ ತಂದೆಯೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಬ್ಬಲಿಯಾದ ಹುಡುಗನ ಬುದ್ಧಿಯನ್ನು ಕಂಡ ಊರಿನ ಸಜ್ಜನರು ಅವನನ್ನು ಅಲ್ಲಿಯ ಸೈನಿಕ ಶಾಲೆಗೆ ಸೇರಿಸಿದರು. ಕ್ರೈಸ್ತ ಸಂನ್ಯಾಸಿಗಳು ನಡೆಸುತ್ತಿದ್ದ ಶಾಲೆ ಅದು. ಗಣಿತದ ರುಚಿ ಹತ್ತಿದ ಮೇಲೆ ಬಾಲಕನಿಗೆ ಹಗಲಿನ ಹೊತ್ತು ಸಾಲದಾಯಿತು. ಶಾಲೆಯಲ್ಲಿ ಉರಿದು ಉಳಿದ ಮೇಣದ ಬತ್ತಿಗಳ ತುಂಡುಗಳನ್ನು ಕೂಡಿಸಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಅವುಗಳ ಬೆಳಕಿನಲ್ಲಿ ಓದುತ್ತಿದ್ದನು. ಹದಿನಾಲ್ಕನೆಯ ವಯಸ್ಸಿಗೆ ಆ ಕಾಲದ ಪ್ರಸಿದ್ಧ ಗಣಿತ ಪಠ್ಯದ ಆರು ಸಂಪುಟಗಳನ್ನು ಮುಗಿಸಿದ್ದನು.

ಸೈನ್ಯದ ಫಿರಂಗಿ ದಳವನ್ನು ಸೇರಬೇಕೆಂಬುದು ಅವನ ಆಸೆ. ಅದಕ್ಕೆ ಗಣಿತ ಬೇಕಾಗಿತ್ತು. ಆದರೆ ಗಣಿತಕ್ಕಿಂತ ಮೊದಲು ಕುಲ ಬೇಕಾಗಿತ್ತು. ಸಿಂಪಿಗನ ಮಗನ ಅರ್ಜಿಯನ್ನು ಅಧಿಕಾರಿಗಳು ತಿರಸ್ಕರಿಸಿದರು. ಬೇರೆ ದಾರಿ ಕಾಣದೆ ಅವನು ಸಂನ್ಯಾಸಿಯಾಗಲು ಒಂದು ಮಠವನ್ನು ಸೇರಿದನು. ದೀಕ್ಷೆಯ ದಿನ ಸಮೀಪಿಸುವ ಹೊತ್ತಿಗೆ, 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ ಸಿಡಿಯಿತು. ಕುಲದ ಬೇಲಿಗಳು ಬಿದ್ದವು. ಫೂರಿಯೆ ದೀಕ್ಷೆ ಪಡೆಯದೆ ಮಠದಿಂದ ಹೊರಬಂದು, ತಾನು ಓದಿದ ಶಾಲೆಯಲ್ಲಿಯೇ ಉಪಾಧ್ಯಾಯನಾದನು.

ಕ್ರಾಂತಿ ಅವನಿಗೆ ಬಾಗಿಲು ತೆರೆಯಿತು. ಅದೇ ಕ್ರಾಂತಿ ಅವನನ್ನು ಮರಣದ ಹೊಸ್ತಿಲಿಗೂ ಒಯ್ದಿತು. ಊರಿನ ಕ್ರಾಂತಿ ಸಮಿತಿಯನ್ನು ಸೇರಿದ್ದ ಅವನು ನಿರಪರಾಧಿಗಳ ಪರವಾಗಿ ಮಾತನಾಡಿ ಮೇಲಿನವರ ಕಣ್ಣಿಗೆ ಬಿದ್ದನು. 1794ರ ಜುಲೈ ತಿಂಗಳಲ್ಲಿ ಅವನನ್ನು ಸೆರೆಯಲ್ಲಿಟ್ಟರು. ಆ ದಿನಗಳಲ್ಲಿ ಸೆರೆಮನೆಗೂ ವಧಾಯಂತ್ರಕ್ಕೂ ನಡುವೆ ದೂರವಿರಲಿಲ್ಲ. ಅಷ್ಟರಲ್ಲಿ ಆಳುತ್ತಿದ್ದ ರೋಬ್‌ಸ್ಪಿಯರ್‌ನ ತಲೆಯೇ ಉರುಳಿತು, ಫೂರಿಯೆಗೆ ಬಿಡುಗಡೆಯಾಯಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ಉಪಾಧ್ಯಾಯರಿಗಾಗಿ ತೆರೆದ ಹೊಸ ವಿದ್ಯಾಲಯಕ್ಕೆ ಅವನು ವಿದ್ಯಾರ್ಥಿಯಾಗಿ ಹೋದನು. ಅಲ್ಲಿ ಅವನಿಗೆ ಪಾಠ ಹೇಳಿದವರು ಲಗ್ರಾಂಜ್, ಲಪ್ಲಾಸ್, ಮಾಂಜ್ ಎಂಬ ಮೂವರು ಗಣಿತ ದಿಗ್ಗಜರು. ಮುಂದೆ ಇದೇ ಗುರುಗಳು ಅವನ ಕೃತಿಯ ಪರೀಕ್ಷಕರಾಗಿ ಕುಳಿತರು. 1797ರಲ್ಲಿ ಲಗ್ರಾಂಜನು ಬಿಟ್ಟ ಪ್ರಾಧ್ಯಾಪಕ ಪೀಠಕ್ಕೆ ಫೂರಿಯೆಯೇ ನೇಮಕಗೊಂಡನು.

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ವಿದ್ವಾಂಸರ ಒಂದು ತಂಡವನ್ನೂ ಜೊತೆಗೆ ಕರೆದೊಯ್ದನು. ಅವರಲ್ಲಿ ಫೂರಿಯೆಯೂ ಒಬ್ಬ. ಕೈರೋ ನಗರದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಗೆ ಅವನು ಕಾರ್ಯದರ್ಶಿಯಾಗಿ ಮೂರು ವರ್ಷ ದುಡಿದನು. ಮರುಭೂಮಿಯ ಕಾವು ಅವನ ಮೈಗೆ ಒಗ್ಗಿಹೋಯಿತು. ಸ್ವದೇಶಕ್ಕೆ ಮರಳಿದ ಮೇಲೆ ಅವನಿಗೆ ಚಳಿ ಸಹಿಸುತ್ತಿರಲಿಲ್ಲ. ಉಣ್ಣೆಯ ಉಡುಪುಗಳನ್ನು ಒಂದರ ಮೇಲೊಂದು ತೊಟ್ಟು, ಕೋಣೆಯನ್ನು ಇತರರು ಕೂಡಲಾರದಷ್ಟು ಕಾಯಿಸಿಕೊಂಡು ಕೂಡುವುದು ಅವನ ಕೊನೆಯವರೆಗಿನ ರೂಢಿಯಾಯಿತು. ಶಾಖವು ಎಲ್ಲಿಂದ ಬರುತ್ತದೆ, ಗೋಡೆಯ ಮೂಲಕ ಹೇಗೆ ಜಾರಿಹೋಗುತ್ತದೆ ಎಂಬ ಚಿಂತೆ ಅಂಥವನನ್ನು ಹಿಡಿದುದರಲ್ಲಿ ಸೋಜಿಗವಿಲ್ಲ.

ಅಧ್ಯಾಪನಕ್ಕೆ ಮರಳಬೇಕೆಂದಿದ್ದ ಫೂರಿಯೆಯನ್ನು ನೆಪೋಲಿಯನ್ ಬಿಡಲಿಲ್ಲ. 1802ರಲ್ಲಿ ಅವನನ್ನು ಆಲ್ಪ್ಸ್ ಪರ್ವತಗಳ ಮಡಿಲಿನ ಇಸೇರ್ ಪ್ರಾಂತಕ್ಕೆ ಆಡಳಿತಾಧಿಕಾರಿಯನ್ನಾಗಿ ಕಳಿಸಿದನು. ಇಂದಿನ ನಮ್ಮ ಜಿಲ್ಲಾಧಿಕಾರಿಯನ್ನು ಹೋಲುವ ಹುದ್ದೆ ಅದು. ಕಚೇರಿ ಗ್ರೆನೋಬ್ಲ್ ಪಟ್ಟಣದಲ್ಲಿ. ಅಲ್ಲಿ ಅವನು ಹದಿಮೂರು ವರ್ಷ ಇದ್ದನು. ಜ್ವರದ ತವರಾಗಿದ್ದ ಬೂರ್ಗ್ವಾ ಎಂಬಲ್ಲಿಯ ಜವುಗು ಭೂಮಿಯನ್ನು ಬಸಿದು ಒಣಗಿಸಿದನು. ಇದಕ್ಕೆ ಸುತ್ತಣ ಹಲವು ಹಳ್ಳಿಗಳ ಒಪ್ಪಿಗೆ ಬೇಕಾಗಿತ್ತು. ಹಳ್ಳಿಗಳ ಹಳೆಯ ವ್ಯಾಜ್ಯಗಳನ್ನು ಬಲ್ಲವರಿಗೆ ಈ ಕೆಲಸ ಯಾವ ಸಮೀಕರಣಕ್ಕಿಂತಲೂ ಸುಲಭವಾಗಿರಲಿಲ್ಲವೆಂದು ಹೊಳೆದೀತು. ಇಟಲಿಯ ಟ್ಯೂರಿನ್ ಕಡೆಗೆ ಬೆಟ್ಟಗಳ ನಡುವೆ ಹೆದ್ದಾರಿಯೊಂದನ್ನೂ ಅವನು ಮಾಡಿಸಿದನು. ಈಜಿಪ್ಟಿನ ಲಿಪಿಯ ಗೀಳು ಹಿಡಿದಿದ್ದ ಶಾಂಪೋಲಿಯೋ ಎಂಬ ಕಿರಿಯನಿಗೂ ಅವನ ಅಣ್ಣನಿಗೂ ಆಸರೆಯಾದನು.

ಕಚೇರಿಯ ಕೆಲಸ ಮುಗಿದ ಮೇಲೆ ಉಳಿಯುತ್ತಿದ್ದ ಹೊತ್ತಿನಲ್ಲಿ ಅವನು ಶಾಖದ ಲೆಕ್ಕವನ್ನು ಕೈಗೆತ್ತಿಕೊಂಡನು. ಅದು ಆಗ ಎಲ್ಲಿಗೆ ಬಂದು ನಿಂತಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು.

ಬಿಸಿಯಾದ ವಸ್ತು ಆರುವ ಬಗೆಗೆ ಮೊದಲ ನಿಯಮವನ್ನು 1701ರಲ್ಲಿ ನ್ಯೂಟನ್ ಹೇಳಿದ್ದನು. ಆ ಲೇಖನವನ್ನು ಅವನು ತನ್ನ ಹೆಸರನ್ನು ಹಾಕದೆ ಪ್ರಕಟಿಸಿದ್ದನು. ವಸ್ತುವಿನ ಉಷ್ಣತೆಗೂ ಸುತ್ತಣ ಗಾಳಿಯ ಉಷ್ಣತೆಗೂ ಇರುವ ಅಂತರ ಎಷ್ಟು ಹೆಚ್ಚೋ, ಆರುವ ವೇಗವೂ ಅಷ್ಟೇ ಹೆಚ್ಚು ಎಂಬುದು ಅದರ ತಿರುಳು. ಮೂವತ್ತು ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ತೊಂಬತ್ತು ಡಿಗ್ರಿಯ ನೀರನ್ನು ಇಟ್ಟಿದೆಯೆಂದು ಭಾವಿಸೋಣ. ಅಂತರ ಅರವತ್ತು. ಹತ್ತು ನಿಮಿಷಗಳಲ್ಲಿ ನೀರು ಅರವತ್ತು ಡಿಗ್ರಿಗೆ ಇಳಿಯಿತು. ಅಂತರ ಈಗ ಮೂವತ್ತು, ಎಂದರೆ ಮೊದಲಿನ ಅರ್ಧ. ಇನ್ನೂ ಹತ್ತು ನಿಮಿಷಗಳಾದರೆ ನೀರು ಎಷ್ಟಕ್ಕೆ ಇಳಿದೀತು? ಅವಸರದಲ್ಲಿ ಲೆಕ್ಕ ಹಾಕುವವನು ಮೂವತ್ತು ಎನ್ನುತ್ತಾನೆ. ಅದು ತಪ್ಪು. ಅಂತರ ಮತ್ತೆ ಅರ್ಧವಾಗಿ ಹದಿನೈದಕ್ಕೆ ಇಳಿಯುವುದರಿಂದ ನೀರು ನಲವತ್ತೈದು ಡಿಗ್ರಿ ಇರುತ್ತದೆ. ಮತ್ತೆ ಹತ್ತು ನಿಮಿಷಕ್ಕೆ ಮೂವತ್ತೇಳೂವರೆ. ಹೀಗೆ ಅಂತರವು ಅರ್ಧ, ಅದರ ಅರ್ಧ, ಅದರ ಅರ್ಧ ಎಂದು ಕುಗ್ಗುತ್ತ ಹೋಗುತ್ತದೆ. ತಣ್ಣನೆಯ ಹಾಲನ್ನು ಹೊರಗೆ ಇಟ್ಟರೆ ಅದು ಬೆಚ್ಚಗಾಗುವುದೂ ಇದೇ ಕ್ರಮದಲ್ಲಿ. ದಿಕ್ಕು ಮಾತ್ರ ಬೇರೆ.

ಯಾವುದಾದರೂ ಪರಿಮಾಣವು ಬದಲಾಗುವ ವೇಗವು ಆ ಪರಿಮಾಣವನ್ನೇ ಅವಲಂಬಿಸಿರುವಾಗ, ಆ ಸಂಬಂಧವನ್ನು ಬರೆದಿಡುವ ಸಮೀಕರಣಕ್ಕೆ ಅವಕಲ ಸಮೀಕರಣವೆಂದು ಹೆಸರು. ಸಾಧಾರಣ ಸಮೀಕರಣವನ್ನು ಬಿಡಿಸಿದರೆ ಒಂದು ಸಂಖ್ಯೆ ದೊರೆಯುತ್ತದೆ. ಇದನ್ನು ಬಿಡಿಸಿದರೆ ಮುಂದಿನ ಎಲ್ಲ ಗಳಿಗೆಗಳ ವೃತ್ತಾಂತವೇ ದೊರೆಯುತ್ತದೆ. ಇದು ಕಲನಶಾಸ್ತ್ರದ ಮಾತು. ಚಿಕ್ಕೋಡಿ ಸೀಮೆಯ ನೆರೆಯಲ್ಲಿರುವ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ ಪದವಿ ಪಡೆದು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಇದೇ ಶಾಸ್ತ್ರವನ್ನು ಕುರಿತು ಕಾಲೇಜಿನ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕವನ್ನು ಬರೆದರು.

ನ್ಯೂಟನ್ನನ ನಿಯಮದಲ್ಲಿ ಒಂದು ಕೊರತೆ ಇತ್ತು. ಇಡೀ ವಸ್ತುವಿಗೆ ಒಂದೇ ಉಷ್ಣತೆ ಇರುತ್ತದೆಂದು ಅದು ಭಾವಿಸಿತ್ತು. ತೆಳುವಾದ ಪಾತ್ರೆಯಲ್ಲಿ ಕದಡುತ್ತಿರುವ ನೀರಿಗೆ ಇದು ಸಲ್ಲುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗಗಳ ಕಬ್ಬಿನ ಸೀಮೆಯಲ್ಲಿ ಗಾಣದ ಮನೆಯನ್ನು ನೋಡಿದವರು ಸಲ್ಲದ ಉದಾಹರಣೆಯನ್ನೂ ಕಂಡಿರುತ್ತಾರೆ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಉಷ್ಣತೆ ನೂರು ಡಿಗ್ರಿಯನ್ನು ಮೀರಿರುತ್ತದೆ. ಅದನ್ನು ಹರವಿಗೆ ಸುರಿದು ಕೈಯಾಡಿಸುತ್ತಿರುವಾಗ ಎಲ್ಲೆಡೆಯೂ ಒಂದೇ ಸಮನಾಗಿ ಆರುತ್ತದೆ. ಅಚ್ಚಿಗೆ ತುಂಬಿ ಗಟ್ಟಿಯಾಗತೊಡಗಿದ ಮೇಲೆ ಹಾಗಲ್ಲ. ಪೆಂಟೆಯ ಹೊರಮೈ ಕೈಗೆ ತಣ್ಣಗೆ ತಾಗಿದರೂ, ಆಗಲೇ ಒಡೆದರೆ ನಡುವಿನ ಭಾಗ ಬಿಸಿಯಾಗಿರುತ್ತದೆ. ಒಂದೇ ಪೆಂಟೆಯೊಳಗೆ ಬೆರಳಿನಷ್ಟು ದೂರಕ್ಕೆ ಬೇರೆ ಬೇರೆ ಉಷ್ಣತೆ. ಒಳಗಿನ ಶಾಖ ಹೊರಕ್ಕೆ ಹೇಗೆ, ಯಾವ ವೇಗದಲ್ಲಿ ಸಾಗುತ್ತದೆ? ಫೂರಿಯೆ ಎತ್ತಿಕೊಂಡ ಪ್ರಶ್ನೆ ಇದು. ಬೆಲ್ಲದ ಬದಲು ಅವನ ಮುಂದೆ ಕಬ್ಬಿಣದ ಬಳೆಯೂ ಗುಂಡೂ ಇದ್ದವು.

ಅವನ ವಿಚಾರ ಸರಳವಾಗಿತ್ತು. ವಸ್ತುವನ್ನು ಮನಸ್ಸಿನಲ್ಲಿ ತೆಳುವಾದ ಪದರಗಳನ್ನಾಗಿ ಸೀಳಬೇಕು. ಪ್ರತಿಯೊಂದು ಪದರವೂ ತನಗಿಂತ ಬಿಸಿಯಾದ ನೆರೆಯಿಂದ ಶಾಖವನ್ನು ಪಡೆಯುತ್ತದೆ. ತನಗಿಂತ ತಣ್ಣಗಿನ ನೆರೆಗೆ ಕೊಡುತ್ತದೆ. ಪಡೆದುದು ಕೊಟ್ಟುದಕ್ಕಿಂತ ಹೆಚ್ಚಾದರೆ ಅದು ಬಿಸಿಯಾಗುತ್ತದೆ, ಕಡಿಮೆಯಾದರೆ ಆರುತ್ತದೆ. ಅಂಗಡಿಯ ಜಮಾಖರ್ಚಿನಂಥ ಈ ಲೆಕ್ಕವನ್ನು ಅವನು ಅವಕಲ ಸಮೀಕರಣವಾಗಿ ಬರೆದನು. ಇದರಲ್ಲಿ ಉಷ್ಣತೆಯು ಕಾಲದೊಡನೆ ಬದಲಾಗುವುದರ ಜೊತೆಗೆ ಸ್ಥಳದೊಡನೆಯೂ ಬದಲಾಗುತ್ತದೆ. ಶಾಖವು ವಸ್ತುವೋ ಚಲನೆಯೋ ಎಂಬ ಆ ಕಾಲದ ದೊಡ್ಡ ಚರ್ಚೆಗೆ ಅವನು ಕೈಹಾಕಲಿಲ್ಲ. ಅದು ಹೇಗೆ ನಡೆದುಕೊಳ್ಳುತ್ತದೆಂಬುದಷ್ಟೇ ಅವನಿಗೆ ಬೇಕಾಗಿತ್ತು. ಈ ಸಂಯಮವೇ ಅವನ ಕೃತಿಯನ್ನು ಬಾಳಿಸಿತು; ಶಾಖವು ಒಂದು ದ್ರವವೆಂದು ನಂಬಿದ್ದವರ ಸಿದ್ಧಾಂತ ಬಿದ್ದುಹೋದ ಮೇಲೂ ಫೂರಿಯೆಯ ಸಮೀಕರಣ ಬೀಳಲಿಲ್ಲ.

ಸಮೀಕರಣವನ್ನು ಬರೆದುದಾಯಿತು, ಬಿಡಿಸುವುದು ಹೇಗೆ? ಬಳೆಯ ಒಂದು ಅರ್ಧ ಬಿಸಿ, ಇನ್ನೊಂದು ಅರ್ಧ ತಣ್ಣಗೆ ಇದೆಯೆನ್ನಿ. ಉಷ್ಣತೆಯ ನಕ್ಷೆಯನ್ನು ಬರೆದರೆ ಅದು ಮೆಟ್ಟಿಲಿನಂತೆ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ. ಇಂಥ ಮೆಟ್ಟಿಲನ್ನು ಕೂಡ ನಯವಾಗಿ ಏರಿಳಿಯುವ ಅಲೆಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗಿ ಕಟ್ಟಬಹುದೆಂದು ಫೂರಿಯೆ ಹೇಳಿದನು. ಮೊದಲು ಒಂದು ಅಗಲವಾದ ಅಲೆ, ಅದರ ಮೇಲೆ ಕಿರಿದು, ಅದರ ಮೇಲೆ ಇನ್ನೂ ಕಿರಿದು, ಹೀಗೆ ಕೊನೆಯಿಲ್ಲದೆ. ಅಲೆಗಳಾಗಿ ಒಡೆದ ಮೇಲೆ ಲೆಕ್ಕ ಹಗುರಾಗುತ್ತದೆ. ಪ್ರತಿಯೊಂದು ಅಲೆಯೂ ತನ್ನದೇ ವೇಗದಲ್ಲಿ, ಅರ್ಧ ಅದರರ್ಧ ಎಂಬ ಹಳೆಯ ಕ್ರಮದಲ್ಲಿಯೇ, ಕುಗ್ಗುತ್ತದೆ. ಅರ್ಧದಷ್ಟು ಅಗಲದ ಅಲೆ ನಾಲ್ಕು ಪಟ್ಟು ಬೇಗ ಅಳಿಯುತ್ತದೆ. ಆದ್ದರಿಂದ ಸಣ್ಣ ಅಲೆಗಳು ಬೇಗ ಮಾಯವಾಗಿ ಅಗಲವಾದುದೊಂದೇ ಉಳಿಯುತ್ತದೆ. ಫೂರಿಯೆ ಕಬ್ಬಿಣದ ಬಳೆಯನ್ನು ಕಾಯಿಸಿ, ಅದರಲ್ಲಿ ಕೊರೆದ ರಂಧ್ರಗಳಲ್ಲಿ ಉಷ್ಣಮಾಪಕಗಳನ್ನು ಇಟ್ಟು ಪರೀಕ್ಷಿಸಿದನು. ಬಳೆ ಲೆಕ್ಕಕ್ಕೆ ಒಪ್ಪುವಂತೆಯೇ ಆರಿತು.

1807ರ ಡಿಸೆಂಬರ್ 21ರಂದು ಅವನ ಪ್ರಬಂಧ ಪ್ಯಾರಿಸ್ಸಿನ ವಿದ್ವತ್ಪರಿಷತ್ತಿನ ಮುಂದೆ ಬಂದಿತು. ಪರೀಕ್ಷಕರು ನಾಲ್ವರು: ಲಗ್ರಾಂಜ್, ಲಪ್ಲಾಸ್, ಮಾಂಜ್, ಲಕ್ರ್ವಾ. ಎಪ್ಪತ್ತು ದಾಟಿದ್ದ ಲಗ್ರಾಂಜನು ಒಪ್ಪಲಿಲ್ಲ. ನಯವಾದ ಅಲೆಗಳ ಮೊತ್ತವು ಚೂಪಾದ ಮೂಲೆಯನ್ನು ಹೇಗೆ ಕೊಟ್ಟೀತು ಎಂಬುದು ಅವನ ಶಂಕೆ. ಮಿಡಿಯುವ ತಂತಿಯ ವಿಚಾರದಲ್ಲಿ ಇದೇ ಪ್ರಶ್ನೆಯನ್ನು ಅವನು ಯೌವನದಲ್ಲಿಯೇ ಚರ್ಚಿಸಿ ತೀರ್ಮಾನಿಸಿಕೊಂಡಿದ್ದನು. ಇದನ್ನು ಬರಿಯ ಮುದಿತನದ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಫೂರಿಯೆ ತನ್ನ ಮಾತಿಗೆ ಪೂರ್ಣವಾದ ಸಾಧನೆಯನ್ನು ಕೊಟ್ಟಿರಲಿಲ್ಲ. ಅಂಥ ಸಾಧನೆಯನ್ನು ಡಿರಿಕ್ಲೆ ಎಂಬ ಕಿರಿಯ ಗಣಿತಜ್ಞ 1829ರಲ್ಲಿ ಕೊಟ್ಟನು. ಆದರೆ ಬಳೆ ಆರಿದ ಬಗೆ ಪರೀಕ್ಷಕರ ಕಣ್ಣ ಮುಂದಿತ್ತು. ಅದಕ್ಕೆ ಅವರು ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ. ಪ್ರಬಂಧ ಅಚ್ಚಾಗಲಿಲ್ಲ.

ಫೂರಿಯೆ ಗ್ರೆನೋಬ್ಲ್‌ನಿಂದ ವಿವರಣೆಗಳನ್ನೂ ಉತ್ತರಗಳನ್ನೂ ಬರೆದು ಕಳಿಸಿದನು. ಪರಿಷತ್ತು ಶಾಖದ ಪ್ರಸರಣವನ್ನೇ 1811ರ ಸ್ಪರ್ಧೆಯ ವಿಷಯವನ್ನಾಗಿ ಗೊತ್ತುಪಡಿಸಿತು. ಅವನು ಪ್ರಬಂಧವನ್ನು ಬೆಳೆಸಿ ಮತ್ತೆ ಕಳಿಸಿದನು. 1812ರ ಆರಂಭದಲ್ಲಿ ಬಹುಮಾನ ಅವನಿಗೇ ಬಂದಿತು. ಆದರೆ ತೀರ್ಪಿನಲ್ಲಿ ಒಂದು ಮುಳ್ಳು ಇತ್ತು: ವಿಷಯ ಹೊಸದು, ಮಹತ್ವದ್ದು, ವಿಧಾನದಲ್ಲಿ ಮಾತ್ರ ವ್ಯಾಪಕತೆಯೂ ಬಿಗಿಯೂ ಸಾಲವು ಎಂದು ಪರೀಕ್ಷಕರು ದಾಖಲಿಸಿದ್ದರು. ಬಹುಮಾನ ಕೊಟ್ಟ ಕೃತಿಯನ್ನೂ ಅವರು ಅಚ್ಚು ಹಾಕಿಸಲಿಲ್ಲ. ಈ ಮಾತು ಫೂರಿಯೆಯನ್ನು ಬಹುಕಾಲ ನೋಯಿಸಿತು.

ಅಷ್ಟರಲ್ಲಿ ರಾಜಕೀಯವು ಮತ್ತೆ ತಲೆಕೆಳಗಾಯಿತು. 1815ರಲ್ಲಿ ಗಡೀಪಾರಿನಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ ಗ್ರೆನೋಬ್ಲ್ ಮಾರ್ಗವಾಗಿಯೇ ಪ್ಯಾರಿಸ್ಸಿಗೆ ಹೊರಟನು. ಆಗ ಆಳುತ್ತಿದ್ದ ರಾಜನ ಅಧಿಕಾರಿಯಾಗಿದ್ದ ಫೂರಿಯೆ, ಹಳೆಯ ಒಡೆಯನು ಬರುವ ಮೊದಲೇ ಊರು ಬಿಟ್ಟನು. ನೆಪೋಲಿಯನ್ ಸಿಟ್ಟಾದರೂ ಅವನನ್ನು ಬೇರೊಂದು ಪ್ರಾಂತಕ್ಕೆ ಅಧಿಕಾರಿಯಾಗಿ ನೇಮಿಸಿದನು. ಅಲ್ಲಿಯ ಕಠಿಣ ಆಜ್ಞೆಗಳನ್ನು ನಡೆಸಲು ಮನಸ್ಸು ಬಾರದೆ ಫೂರಿಯೆ ಬೇಗನೆ ಹುದ್ದೆಯನ್ನು ತೊರೆದನು. ನೆಪೋಲಿಯನ್ ಸೋತ ಮೇಲೆ ಅವನು ಇತ್ತ ರಾಜನಿಗೂ ಬೇಡವಾದನು. ನಲವತ್ತೇಳರ ವಯಸ್ಸಿನಲ್ಲಿ, ಹುದ್ದೆಯಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ಪ್ಯಾರಿಸ್ಸಿಗೆ ಬಂದಾಗ ಒಬ್ಬ ಹಳೆಯ ಶಿಷ್ಯನೇ ಅವನ ಕೈಹಿಡಿದು ಅಂಕಿಅಂಶಗಳ ಕಚೇರಿಯಲ್ಲಿ ಕೆಲಸ ಕೊಡಿಸಿದನು. 1816ರಲ್ಲಿ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನಾಗಿ ಆರಿಸಿತು; ರಾಜನು ಆಯ್ಕೆಯನ್ನು ತಳ್ಳಿಹಾಕಿದನು. ಮರುವರ್ಷ ಅಕಾಡೆಮಿ ಮತ್ತೆ ಅವನನ್ನೇ ಆರಿಸಿತು. 1822ರಲ್ಲಿ ಅವನು ಅದರ ಕಾಯಂ ಕಾರ್ಯದರ್ಶಿಯಾದನು. ಶಾಖದ ವಿಶ್ಲೇಷಣಾತ್ಮಕ ಸಿದ್ಧಾಂತವೆಂಬ ಅವನ ಗ್ರಂಥ ಹೊರಬಂದುದೂ ಅದೇ ವರ್ಷ. ಅವನ ಆಸರೆಯಲ್ಲಿ ಬೆಳೆದ ಶಾಂಪೋಲಿಯೋ ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಒಡೆದುದೂ ಅದೇ ವರ್ಷವೇ.

ಬಾವಿಯ ನೀರಿನ ಪ್ರಶ್ನೆಗೆ ಉತ್ತರ ಈ ಸಮೀಕರಣದಲ್ಲಿಯೇ ಇದೆ. ನೆಲದ ಮೇಲ್ಮೈ ಹಗಲು ಕಾಯುತ್ತದೆ, ಇರುಳು ಆರುತ್ತದೆ. ಬೇಸಿಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ಆರುತ್ತದೆ. ಈ ಏರಿಳಿತಗಳು ಅಲೆಗಳಾಗಿ ನೆಲದೊಳಗೆ ಇಳಿಯುತ್ತವೆ. ಇಳಿಯುತ್ತ ಇಳಿಯುತ್ತ ಕುಗ್ಗುತ್ತವೆ, ತಡವಾಗಿಯೂ ತಲುಪುತ್ತವೆ. ಒಂದು ದಿನದ ಅಲೆ ಸುಮಾರು ಒಂದು ಮೊಳದ ಆಳಕ್ಕೆ ಹೋಗುವಷ್ಟರಲ್ಲಿ ಬಹುಮಟ್ಟಿಗೆ ಅಳಿದುಹೋಗುತ್ತದೆ. ವರ್ಷದ ಅಲೆಗೆ ಅವಧಿ ಮುನ್ನೂರ ಅರವತ್ತೈದು ಪಟ್ಟು. ಸಮೀಕರಣದ ಪ್ರಕಾರ ಅದು ಇಳಿಯುವ ಆಳ ಇದರ ವರ್ಗಮೂಲದಷ್ಟು, ಎಂದರೆ ಸುಮಾರು ಹತ್ತೊಂಬತ್ತು ಪಟ್ಟು ಹೆಚ್ಚು. ಆರೇಳು ಮೀಟರುಗಳ ಆಳದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮೇಲಿನ ಬೇಸಿಗೆಯ ಕಾವು ಅಲ್ಲಿಗೆ ಮುಟ್ಟುವುದು ಸುಮಾರು ಆರು ತಿಂಗಳ ಮೇಲೆ, ಮೇಲೆ ಚಳಿಗಾಲವಿರುವಾಗ. ಆದರೆ ಆ ಹೊತ್ತಿಗೆ ಅದರ ಏರಿಳಿತ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿರುತ್ತದೆ. ಅದಕ್ಕೂ ಕೆಳಗೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆ, ಅದೂ ಆ ಊರಿನ ಇಡೀ ವರ್ಷದ ಸರಾಸರಿಯ ಹತ್ತಿರ. ಬಾವಿಯ ನೀರು ಬದಲಾಗುವುದಿಲ್ಲ. ಬದಲಾಗುವುದು ಸೇದುವವನ ಮೈಗೆ ತಾಗುವ ಗಾಳಿ.

ದಪ್ಪವಾದ ವಸ್ತು ಆರುವ ಹೊತ್ತನ್ನೂ ಇದೇ ಗಣಿತ ಹೇಳುತ್ತದೆ. ಎಲ್ಲ ಕಡೆಗೂ ಎರಡು ಪಟ್ಟು ದೊಡ್ಡದಾದ ಪೆಂಟೆಯ ನಡುಭಾಗ ಆರಲು ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಈ ನಿಯಮವನ್ನು ಇಡೀ ಭೂಮಂಡಲಕ್ಕೆ ಅನ್ವಯಿಸಿದರೆ ಕಾಲದ ಲೆಕ್ಕ ಮನುಷ್ಯನ ಊಹೆಯನ್ನು ಮೀರಿ ಬೆಳೆಯುತ್ತದೆ. ಫೂರಿಯೆ ಅದನ್ನೂ ಬಿಡಲಿಲ್ಲ. ಭೂಮಿಯ ಉಷ್ಣತೆಯನ್ನು ಕುರಿತು 1824ರಲ್ಲಿ ಬರೆದ ಪ್ರಬಂಧದಲ್ಲಿ, ಸೂರ್ಯನ ಬೆಳಕು ವಾಯುಮಂಡಲವನ್ನು ಸುಲಭವಾಗಿ ಹಾಯ್ದು ಒಳಬರುತ್ತದೆ, ಆದರೆ ಕಾದ ನೆಲದಿಂದ ಹೊರಡುವ ಕಾಣದ ಶಾಖ ಅಷ್ಟು ಸುಲಭವಾಗಿ ಹೊರಹೋಗಲಾರದು ಎಂದು ವಿವರಿಸಿದನು. ಇಂದು ಭೂಮಿಯ ಬಿಸಿ ಏರುತ್ತಿರುವ ವಿಚಾರವನ್ನು ಓದುವವರು ಈ ಪ್ರಬಂಧದಿಂದಲೇ ಕಥೆಯನ್ನು ತೊಡಗುತ್ತಾರೆ.

ಕೊನೆಯ ವರ್ಷಗಳಲ್ಲಿ ಅವನಿಗೆ ಉಸಿರಾಟದ ತೊಂದರೆ ಹೆಚ್ಚಿತು. 1830ರ ಮೇ ತಿಂಗಳಿನಲ್ಲಿ ಮೆಟ್ಟಿಲುಗಳ ಮೇಲೆ ಬಿದ್ದು ಕಾಯಿಲೆ ಉಲ್ಬಣಿಸಿತು. ಅದೇ ತಿಂಗಳ 16ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನು ಮದುವೆಯಾಗಿರಲಿಲ್ಲ. ಹತ್ತು ವರ್ಷಗಳ ತರುವಾಯ, 1840ರಲ್ಲಿ, ಹದಿನಾರರ ಹೊಸ್ತಿಲಲ್ಲಿದ್ದ ವಿಲಿಯಂ ಥಾಮ್ಸನ್ ಎಂಬ ಹುಡುಗ ಗ್ಲಾಸ್ಗೋ ನಗರದಲ್ಲಿ ಫೂರಿಯೆಯ ಗ್ರಂಥವನ್ನು ಕೈಗೆತ್ತಿಕೊಂಡು ಒಂದು ಪಕ್ಷದೊಳಗೆ ಓದಿ ಮುಗಿಸಿದನು. ಅದರಲ್ಲಿ ತಪ್ಪು ಹುಡುಕಿದ್ದ ಒಬ್ಬ ಪ್ರಾಧ್ಯಾಪಕನಿಗೆ ಉತ್ತರವಾಗಿ ಬರೆದುದೇ ಆ ಹುಡುಗನ ಮೊದಲ ಲೇಖನ. ಲಾರ್ಡ್ ಕೆಲ್ವಿನ್ ಎಂದು ಮುಂದೆ ಲೋಕಪ್ರಸಿದ್ಧನಾದವನು ಅವನೇ.

ಹುಟ್ಟೂರಾದ ಓಸೆರ್‌ನಲ್ಲಿ 1849ರಲ್ಲಿ ನಿಲ್ಲಿಸಿದ್ದ ಫೂರಿಯೆಯ ಕಂಚಿನ ಪ್ರತಿಮೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಕರಗಿಸಿದರು. ಅವನ 1807ರ ಪ್ರಬಂಧದ ಹಸ್ತಪ್ರತಿ ಉಳಿದುಕೊಂಡಿತ್ತು. ನಾಲ್ವರು ಪರೀಕ್ಷಕರು ಅಚ್ಚಿಗೆ ಕಳಿಸದೆ ಇಟ್ಟಿದ್ದ ಆ ಹಾಳೆಗಳು 1972ರಲ್ಲಿ, ನೂರ ಅರವತ್ತೈದು ವರ್ಷಗಳ ಮೇಲೆ, ಪೂರ್ತಿಯಾಗಿ ಅಚ್ಚಾದವು.